ಸಂದೇಹಪಡುವವರಿಗೂ ಈಸ್ಟರ್

ಮಾನ್ಯ ಸಂಪಾದಕರೇ,

ಸತ್ತ ಯೇಸು ಮತ್ತೆ ಎದ್ದುದನ್ನು ನೆನೆಯುವ ಈಸ್ಟರ್ ಹಬ್ಬ ಬಂದರೆ ಪತ್ರಿಕೆಗಳ ಲೇಖನಗಳೂ ಚರ್ಚಿನ ಪ್ರಸಂಗಗಳೂ ಹೆಚ್ಚಾಗಿ ಜಯಘೋಷದಲ್ಲೇ ಮುಗಿದುಹೋಗುತ್ತವೆ. ಕಾಯಿಲೆ, ಸಾಲ, ಮನೆಯಲ್ಲೊಂದು ಸಾವು ಎಂದು ಕಂಗೆಟ್ಟವರು ಇದನ್ನೆಲ್ಲ ಕೇಳಿ, ತಮ್ಮ ನಂಬಿಕೆಯೇ ಸತ್ತಿತೇನೋ ಎಂದು ಒಳಗೊಳಗೇ ಅಳುಕುತ್ತಾರೆ.

ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಾದ ಸುವಾರ್ತೆಗಳಾದರೋ ಆ ಅಳುಕನ್ನು ಮುಚ್ಚಿಟ್ಟಿಲ್ಲ. ಯೇಸು ಎದ್ದಿದ್ದಾನೆಂದು ಸಮಾಧಿಯಿಂದ ಬಂದ ಹೆಂಗಸರು ಹೇಳಿದ ಮಾತು ಅವನ ಆಪ್ತ ಶಿಷ್ಯರಾದ ಅಪೊಸ್ತಲರಿಗೆ ಬರೀ ಹರಟೆಯಾಗಿ ಕಂಡಿತು ಎನ್ನುತ್ತಾನೆ ಲೂಕ. ಗಲಿಲಾಯದ ಬೆಟ್ಟದಲ್ಲಿ ಯೇಸುವನ್ನು ಕಣ್ಣಾರೆ ಕಂಡ ಮೇಲೂ ಕೆಲವರು ಸಂದೇಹಪಟ್ಟರು ಎನ್ನುತ್ತಾನೆ ಮತ್ತಾಯ. 4ನೇ ಶತಮಾನದ ಎರಡು ಪ್ರಮುಖ ಗ್ರೀಕ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಬಿಡುತ್ತದೆ: ಹೆಂಗಸರು ನಡುಗುತ್ತ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ.

ಗೊಂದಲ ಹೆಚ್ಚುವುದು ಓದುವ ಕ್ರಮದಿಂದಲೂ ಹೌದು. ನಾಲ್ಕೂ ಸುವಾರ್ತೆಗಳನ್ನು ಮುಂದಿಟ್ಟುಕೊಂಡು ತಾಳೆ ನೋಡಲು ಕೂತವರು, ಸಮಾಧಿಯಲ್ಲಿ ಮಾರ್ಕನಿಗೆ ಒಬ್ಬ ಯುವಕನೂ ಲೂಕನಿಗೆ ಇಬ್ಬರು ಪುರುಷರೂ ಸಿಕ್ಕಿದ್ದು ಹೇಗೆಂಬಲ್ಲೇ ಸಿಕ್ಕಿಬೀಳುತ್ತಾರೆ. ಆದರೆ ವಾರದ ಮೊದಲ ದಿನದ ಮುಂಜಾನೆ, ಸರಿಸಿದ ಕಲ್ಲು, ಅಲ್ಲಿಲ್ಲದ ದೇಹ, ಮಗ್ದಲದ ಮರಿಯಳು: ಇವು ನಾಲ್ಕರಲ್ಲೂ ಇವೆ. ಮೊದಲು 1 ಕೊರಿಂಥ 15 ಓದಿ, ಅಂದರೆ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ. 58 ವಚನ, ಅಷ್ಟೆ. ಕ್ರಿ.ಶ. 55ರ ಸುಮಾರಿನ ಈ ಪತ್ರ ಸುವಾರ್ತೆಗಳಿಗಿಂತ ಹಳೆಯದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸತ್ತವರು ಏಳುವುದೇ ಇಲ್ಲ ಎನ್ನುವವರು ಕೊರಿಂಥದ ಸಭೆಯೊಳಗೇ ಇದ್ದರು. ಪೌಲ ಅವರ ಬಾಯಿ ಮುಚ್ಚಿಸುವುದಿಲ್ಲ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ಸಾರೋಣವೇ ವ್ಯರ್ಥ ಎಂದು ಪಣಕ್ಕಿಡುತ್ತಾನೆ, ಎದ್ದ ಕ್ರಿಸ್ತನನ್ನು ಕಂಡವರ ಹೆಸರು ಹೇಳುತ್ತಾನೆ. ಆಮೇಲೆ ಮಾರ್ಕ 16:1-8, ಲೂಕ 24, ಯೋಹಾನ 20. ವಾರಕ್ಕೊಂದರಂತೆ ಓದಿದರೂ ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೊಸ್ತ್ ಹಬ್ಬದೊಳಗೆ ಮುಗಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಸಾವಿನ ಮನೆಯ ಸಾಂತ್ವನದಲ್ಲೇ ಕೇಳಿಬರುತ್ತದೆ: ದೇಹ ಬಿಟ್ಟು ಆತ್ಮ ಹಾರಿಹೋಗುವುದೇ ಪುನರುತ್ಥಾನ ಎಂಬುದು. ಯೇಸು ಬದುಕಿಸಿದ ಲಾಜರನು ಸಮಾಧಿಯಿಂದ ಎದ್ದುಬಂದಂತೆಯೂ ಅಲ್ಲ. ಅವನು ಬಂದದ್ದು ಇದೇ ನಶ್ವರ ಬದುಕಿಗೆ. ಪೌಲ ಹೇಳುವುದು ಬಿತ್ತಿದ ಕಾಳಿನಂತೆ ಹೊಸ ದೇಹದಲ್ಲಿ ಏಳುವುದನ್ನು. ಆದ್ದರಿಂದಲೇ ಆ ಅಧ್ಯಾಯ ಮುಗಿಯುವುದು ಪರಲೋಕದ ವರ್ಣನೆಯಲ್ಲಲ್ಲ, ನೀವು ಪಡುವ ಶ್ರಮ ವ್ಯರ್ಥವಲ್ಲ ಎಂಬ ಮಾತಿನಲ್ಲಿ. ರೋಗಿಯ ಆರೈಕೆಯಲ್ಲಿ ಸೋತವರಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೇ?

ಯೇಸು ಎದ್ದದ್ದನ್ನು ನಂಬಲಾರೆ ಎಂದ ಶಿಷ್ಯ ತೋಮನನ್ನು ಉಳಿದ ಶಿಷ್ಯರು ಹೊರಗೆ ಹಾಕಲಿಲ್ಲ. ಎಂಟು ದಿನದ ಮೇಲೂ ಅವನು ಅವರ ನಡುವೆಯೇ ಇದ್ದ. ಕ್ಯಾಥೊಲಿಕ್ ಸಭೆಯಲ್ಲಿ ಈಸ್ಟರ್‌ನ ಮರು ಭಾನುವಾರ ಪ್ರತಿವರ್ಷ ಓದುವುದು ಇದೇ ಭಾಗ. ಹಬ್ಬದ ಜನಸಂದಣಿ ಅಷ್ಟರಲ್ಲಿ ಕರಗಿರುತ್ತದೆ ಎಂಬುದು ಬೇರೆ ಮಾತು. ಎಲ್ಲ ಸಭೆಗಳೂ ಆ ದಿನ ಆರಾಧನೆಯ ನಂತರ ಅರ್ಧ ಗಂಟೆ ಪ್ರಶ್ನೆಗಳಿಗೆ ಮೀಸಲಿಡಲಿ. ಹಿಂದಿನ ವಾರವೇ ಬಾಗಿಲ ಬಳಿ ಡಬ್ಬಿಯಿಟ್ಟು ಹೆಸರಿಲ್ಲದ ಚೀಟಿಗಳನ್ನು ಪಡೆದರೆ ನಾಚುವವರೂ ಬರೆದಾರು. ಉತ್ತರ ಗೊತ್ತಿಲ್ಲದಿದ್ದಲ್ಲಿ ಸಭಾಪಾಲಕರು ‘ಗೊತ್ತಿಲ್ಲ’ ಎಂದೇ ಹೇಳಲಿ.

– ಬೈಬಲ್ ಅಧ್ಯಯನ ಬಳಗವೊಂದರ ಸದಸ್ಯರು, ಮಂಗಳೂರು