ಮುಟ್ಟು ನಿಲ್ಲುವ ಹೊತ್ತಿನ ರಕ್ತಸ್ರಾವ

ಮಾನ್ಯರೇ,

ಸಿಂಧನೂರು ಕಡೆ ಭತ್ತದ ನಾಟಿ ಶುರುವಾದರೆ ಹೆಂಗಸರಿಗೆ ಬೆನ್ನು ನೇರ ಮಾಡಲೂ ಪುರುಸೊತ್ತಿರುವುದಿಲ್ಲ. ಈ ಸಲ 48ರ ನಮ್ಮ ಚಿಕ್ಕಮ್ಮ ಸಸಿಯ ಕಟ್ಟು ಹಿಡಿದೇ ಕೆಸರಿನಲ್ಲಿ ಕುಸಿದು ಕುಳಿತರು. ನಾಲ್ಕು ತಿಂಗಳಿಂದ ಮುಟ್ಟು ಒಮ್ಮೆ ಬಂದರೆ 15 ದಿನವಾದರೂ ನಿಲ್ಲುತ್ತಿರಲಿಲ್ಲವಂತೆ. ‘ನಿಲ್ಲುವ ಕಾಲಕ್ಕೆ ಹೀಗೇ’ ಎಂದು ಓಣಿಯವರೆಲ್ಲ ಹೇಳಿದ್ದರಿಂದ ಹಳೆ ಸೀರೆಯ ಬಟ್ಟೆ ಮಡಚಿಟ್ಟುಕೊಂಡು ಕೂಲಿಗೆ ಹೋಗುತ್ತಿದ್ದರು. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಬರೀ 7 ಗ್ರಾಂ!

ಓಣಿಯವರ ಮಾತು ಅರ್ಧ ನಿಜ. ಈ ವಯಸ್ಸಿನಲ್ಲಿ ಹಾರ್ಮೋನು ಏರುಪೇರಾಗಿ ಮುಟ್ಟು ಹಿಂದೆ ಮುಂದೆ ಆಗುತ್ತದೆ. ಆದರೆ 7 ದಿನ ಮೀರಿದ ಸ್ರಾವ, ಗಂಟೆಗೊಂದು ಪ್ಯಾಡ್ ತೊಯ್ಯುವುದು, ಗಂಡ ಹೆಂಡತಿ ಕೂಡಿದ ನಂತರ ರಕ್ತ ಕಾಣುವುದು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವಂಥವಲ್ಲ. ಸತತ 12 ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಪರೀಕ್ಷೆ ಬೇಕೇ ಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ. ಕೆಲವರಲ್ಲಿ ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಸುಳಿವು ಅದೇ.

ಇನ್ನೊಂದು ತುದಿಯೂ ಇದೆ. ಮೊದಲು ಹೋದ ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಮುಂಚೆಯೇ ‘ಗರ್ಭಕೋಶ ತೆಗೆಸಿಬಿಡಿ’ ಎಂದರು. ಪೀಡೆ ಕಳೆಯಲಿ ಎಂದು ಚಿಕ್ಕಮ್ಮನೂ ಒಪ್ಪಿದ್ದರು. ಎರಡನೇ ವೈದ್ಯೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಇರಲಿಲ್ಲ. ಗುಳಿಗೆ, ಕಬ್ಬಿಣಾಂಶದ ಚುಚ್ಚುಮದ್ದಿನಲ್ಲೇ ಈಗ ಚೇತರಿಸಿಕೊಂಡಿದ್ದಾರೆ.

ಆಶಾ ಕಾರ್ಯಕರ್ತೆಯರು ಬಸುರಿ, ಬಾಣಂತಿಯರ ಮನೆಗೆ ಬರುತ್ತಾರೆ. 45 ದಾಟಿದವರನ್ನೂ ಒಂದು ಮಾತು ಕೇಳುವಂತೆ ಆರೋಗ್ಯ ಇಲಾಖೆ ಅವರಿಗೆ ಸೂಚಿಸಲಿ. ಮುಂದಿನ ನಾಟಿಗೆ ಮೊದಲೇ ಆದರೆ ಒಳ್ಳೆಯದು.

– ಓದುಗರೊಬ್ಬರು, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ