ಮಿರಗದ (ಮೃಗಶಿರ) ಮಳೆ ಕೂಡುವ ಮೊದಲು ಹಂಚು ಹೊದಿಸಬೇಕು: ದೊಡ್ಡಾಟದ ಪ್ರತಿಗಳಿಗಾಗಿ ಒಂದು ಮನವಿ

ಆತ್ಮೀಯರೇ, ಶರಣು ಶರಣಾರ್ಥಿ.

ಹೋದ ವಾರ ರಾತ್ರಿ ಬಿದ್ದ ಅಡ್ಡಮಳೆಗೆ ಹಾವೇರಿಯ ನಮ್ಮ ಟ್ರಸ್ಟಿನ ಮನೆ ಸೋರಿತು. ಮೊದಲೂ ಸೋರುತ್ತಿತ್ತು, ಬಕೆಟ್ ಇಟ್ಟು ಹೇಗೋ ಸಂಭಾಳಿಸುತ್ತಿದ್ದೆವು. ಈ ಸಲ ನೀರು ದೊಡ್ಡಾಟದ, ಅಂದರೆ ಬಯಲಲ್ಲಿ ರಾತ್ರಿಯಿಡೀ ಆಡುವ ನಮ್ಮ ಕಡೆಯ ಬಯಲಾಟದ, ಕೈಬರಹದ ಪ್ರತಿಗಳ ಕಪಾಟಿನ ಮೇಲೆಯೇ ಬಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ಕರ್ಣಪರ್ವದ ಒಂದು ಪ್ರತಿಯ ಶಾಯಿ ಹರಡಿ, ಹಾಳೆಗಳು ಅಂಟಿಕೊಂಡಿದ್ದವು. ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿದೆವು. ಆದರೂ 15 ಹಾಳೆ ಹೋದವು. ಅದನ್ನು ಕೈಯಾರೆ ಬರೆದ, ಆಟ ಕಲಿಸುತ್ತಿದ್ದ ಮಾಸ್ತರರು ಈಗಿಲ್ಲ.

ಈ ಪ್ರತಿಗಳು ಹೇಗೆ ಬಂದವು ಅಂತ ನಿಮಗೆ ಗೊತ್ತೇ ಇದೆ. ನಮ್ಮ ಹಿರಿಯರು ಸೈಕಲ್ ಮೇಲೆ ಶಿಗ್ಗಾವಿ, ಸವಣೂರು, ಹಾನಗಲ್ಲು ಕಡೆಯ ಊರೂರು ತಿರುಗಿದರು. ಕೆಲವು ಮಾಸ್ತರರು ಪ್ರತಿ ಮುಟ್ಟಲೂ ಬಿಡುತ್ತಿರಲಿಲ್ಲ. ದೀಪ ಹಚ್ಚಿ, ಕಾಯಿ ಒಡೆದ ಮೇಲೆಯೇ ಅಟ್ಟದಿಂದ ಇಳಿಸಿ ಕೊಟ್ಟರು. ಹಾಗೆ ಸೇರಿದ ನೂರಕ್ಕೂ ಹೆಚ್ಚು ಪ್ರತಿಗಳು ಇಂದು ನಮ್ಮಲ್ಲಿವೆ. ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾಗುವ ಮೊದಲೇ ಸಂಶೋಧನೆಯ ಹುಡುಗರು ನಮ್ಮ ಕಟ್ಟೆಯ ಮೇಲೆ ಕೂತು ಇವನ್ನು ಓದುತ್ತಿದ್ದರು. ನಾಟಕಕಾರ ಶಾಂತಕವಿಗಳು ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದ್ದನ್ನು ಎಲ್ಲರೂ ಓದಿದ್ದೇವೆ. ಬಯಲಲ್ಲಿ ರಾತ್ರಿಯಿಡೀ ಕುಣಿದವರ ಬಗ್ಗೆಯೂ ಅಷ್ಟೇ ಅಕ್ಕರೆಯಿಂದ ಬರೆಯಬೇಕು ಅನ್ನೋದು ನಮ್ಮ ಹಠ.

ಪ್ರತಿಯಲ್ಲಿ ಹಾಡು ಇದೆ, ಮಾತು ಇದೆ. ಹೆಜ್ಜೆ ಇಲ್ಲ. ಪರದೆ ಸರಿಸಿ ಬಂದ ರಾಜ ಎಷ್ಟು ಸುತ್ತು ಹಾಕಬೇಕು, ಸಾರಥಿ ಹೆಸರು ಕೇಳುವಾಗ ಮದ್ದಲೆ ಎಲ್ಲಿ ನಿಲ್ಲಬೇಕು, ಇದೆಲ್ಲ ಮಾಸ್ತರರ ಮೈಯಲ್ಲಿರುತ್ತದೆ. ಒಂದೇ ಪ್ರಸಂಗವನ್ನು ಪಕ್ಕದೂರಿನವರು ಬೇರೆ ಧಾಟಿಯಲ್ಲಿ ಹಾಡುತ್ತಾರೆ. ಯಾರು ಯಾರಿಗೆ ಕಲಿಸಿದರು? ಹಾಡು ಎಲ್ಲಿ ಬದಲಾಯಿತು? ಪಿಎಚ್.ಡಿ. ಮಾಡುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಎಲ್ಲಿ ಸಿಗಬೇಕು? ಆದರೆ ಉತ್ತರಕ್ಕೆ ತಾಲೀಮಿನ ಎರಡು ಮೂರು ತಿಂಗಳು, ಹೊಲದ ಕೆಲಸ ಮುಗಿಸಿ ಕಲಾವಿದರು ಸೇರುವ ರಾತ್ರಿಗಳಲ್ಲಿ, ಪ್ರತಿ ಮುಂದಿಟ್ಟುಕೊಂಡು ಅವರ ಜೊತೆ ಕೂರಬೇಕು.

ಈ ವರ್ಷ ನಾಲ್ಕು ಮಕ್ಕಳು ನಮ್ಮಲ್ಲಿ ಓದುತ್ತಿದ್ದಾರೆ. ಒಬ್ಬಳ ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ರಜೆ ಬಂದರೆ ಮಗಳೂ ಹೋಗುತ್ತಾಳೆ. ಉರಿಯುವ ಕೈಯಲ್ಲೇ ಸಂಜೆ ಬಂದು ಪ್ರತಿ ನಕಲು ಮಾಡುತ್ತಾಳೆ. ಅವಳ ಅಜ್ಜ ದೊಡ್ಡಾಟದಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಅವರ ಹೆಜ್ಜೆ ಬರೆದಿಡಬೇಕು ಅಂತಲೇ ಈ ವಿಷಯ ಆರಿಸಿಕೊಂಡಿದ್ದಾಳೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ನಿಜ. ಆದರೆ ರೆಕಾರ್ಡರ್ ಬೇಕು, ಹಳ್ಳಿಯಲ್ಲಿ ಉಳಿಯಲು ವ್ಯವಸ್ಥೆ ಬೇಕು. ದಿನವಿಡೀ ಕೂತು ಹೇಳಿಕೊಡುವ ವಯಸ್ಸಾದ ಕಲಾವಿದರ ಕೂಲಿ ತಪ್ಪುತ್ತದೆ, ಅಲ್ವಾ? ಅವರನ್ನು ಬರಿಗೈಯಲ್ಲಿ ಕಳಿಸಲು ನಮಗೆ ಮನಸ್ಸಾಗುವುದಿಲ್ಲ.

ತೊಲೆಗಳಿಗೆ ಗೆದ್ದಲು ಹಿಡಿದಿದೆ. ತೊಲೆ, ಹಂಚು, ಕೂಲಿ ಸೇರಿ ಸುಮಾರು 4.5 ಲಕ್ಷ ಆಗಬಹುದು ಅಂತ ಮೇಸ್ತ್ರಿ ಹೇಳಿದ್ದಾರೆ. ಪ್ರತಿಗಳನ್ನು ಸ್ಕ್ಯಾನ್ ಮಾಡಿಸಲು 1 ಲಕ್ಷದ ಹತ್ತಿರ. ಒಬ್ಬ ವಿದ್ಯಾರ್ಥಿಯ ತಿರುಗಾಟಕ್ಕೆ ತಿಂಗಳಿಗೆ ಐದಾರು ಸಾವಿರ. ನಮ್ಮ ಕೈಯಲ್ಲಿರುವುದು 70 ಸಾವಿರ. ಜೂನ್ ಮೊದಲ ವಾರ ಮುಗಿಯುತ್ತಲೇ ಮಿರಗ ಕೂಡುತ್ತದೆ. ಮೇ 10ರೊಳಗೆ ಮುಂಗಡ ಕೊಟ್ಟರೆ ಮಾತ್ರ ಅಷ್ಟರಲ್ಲಿ ಕೆಲಸ ಮುಗಿಯುತ್ತದೆ.

500 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಹಣ ಆಗದಿದ್ದರೆ ನೂರು ಹಂಚು ಕೊಡಿಸಿ. ಸದ್ಯಕ್ಕೆ ಕಪಾಟಿನ ಮೇಲೆ ತಾಡಪತ್ರಿ ಹೊದಿಸಿದ್ದೇವೆ. ಪಕ್ಕದ ಮನೆಯ ರೈತರು ಬಿತ್ತನೆಯ ತನಕ ಇಟ್ಟುಕೊಳ್ಳಿ ಅಂತ ಕೊಟ್ಟದ್ದು ಅದು.

ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಧರ್ಮದರ್ಶಿಗಳು, ಹಾವೇರಿ