ಆರಿದ್ರಾ ಮಳೆಯ ನಕ್ಷತ್ರ

ಪ್ರೀತಿಯ ಗೆಳೆಯನಿಗೆ,

ಸಾಗರ ಸೀಮೆಯಲ್ಲಿ ಈಗ ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿ. ಹಾಗಾಗಿ ಉತ್ತರ ತಡವಾಯಿತು. ಯಾವ ದೂರದರ್ಶಕ ಕೊಳ್ಳಲಿ ಎಂದು ಕೇಳಿದ್ದೆ. ಈ ವರ್ಷ ಯಾವುದೂ ಬೇಡ. ನಕ್ಷತ್ರಗಳ ಹೆಸರಿನಲ್ಲಿ ಮಳೆ ಎಣಿಸುವ ನಾವು ಆ ನಕ್ಷತ್ರಗಳನ್ನೇ ಗುರುತಿಸಲಾರೆವು ಎಂಬ ಕೊರತೆ ಮೊದಲು ನೀಗಲಿ.

ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಯನ್ನು ಕರೆಯುವುದು ಸೂರ್ಯನು ಆಯಾ ನಕ್ಷತ್ರದಲ್ಲಿರುವ ದಿನಗಳ ಲೆಕ್ಕದಿಂದ. ಆದ್ದರಿಂದ ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹೊಯ್ಯುವಾಗ ಮೋಡವೆಲ್ಲ ಸರಿದರೂ ಆ ನಕ್ಷತ್ರ ಕಾಣದು. ಅದು ಹಗಲಿನಲ್ಲಿ ಸೂರ್ಯನ ಜೊತೆಗೇ ಇರುತ್ತದೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ, ಅಂದರೆ ತಿಂಗಳಿಗೆ 2 ಗಂಟೆ ಮುಂಚಿತವಾಗಿ ಮೂಡುತ್ತ ಹೋಗುವುದರಿಂದ, ಅದೇ ಆರ್ದ್ರಾ ಡಿಸೆಂಬರ್ ನಡುವಿನ ಹೊತ್ತಿಗೆ ಮುಸ್ಸಂಜೆಗೆ ಮೂಡಿ ಇರುಳಿಡೀ ಆಕಾಶದಲ್ಲಿರುತ್ತದೆ.

ಆ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಬಾ. ತೋಟದ ನಡುವೆ ನಿಂತರೆ ಅಂಗೈ ಅಗಲದ ಆಕಾಶವೂ ಸಿಗದು. ಮನೆಯ ಹಿಂದಿನ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಹೋಗೋಣ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆದರೆ ಅದನ್ನು ಕೆಡಿಸಲು ಮೊಬೈಲಿನ ಒಂದು ಬೆಳಕು ಸಾಕು. ಟಾರ್ಚಿಗೆ ಕೆಂಪು ಕಾಗದ ಕಟ್ಟಿಟ್ಟಿದ್ದೇನೆ.

ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ಮುಖಮಾಡಿದರೆ ಮೂರು ಚುಕ್ಕೆಗಳು ತುಸು ಓರೆಯಾಗಿ ಒಂದರ ಕೆಳಗೊಂದು ನಿಂತಿರುತ್ತವೆ. ಅದು ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ನಡುಪಟ್ಟಿ. ಅದರ ಎಡಕ್ಕೆ ಕೆಂಡದ ಬಣ್ಣದ ಆರ್ದ್ರಾ, ಬಲಕ್ಕೆ ನೀಲಿಬಿಳುಪಿನ ರೈಜೆಲ್. ಪಟ್ಟಿಯ ಗೆರೆಯನ್ನು ಮೇಲಕ್ಕೆ ಎಳೆದರೆ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆಯ ಗೊಂಚಲು. ಕೆಳಕ್ಕೆ ಎಳೆದರೆ ನಕ್ಷತ್ರಗಳಲ್ಲೆಲ್ಲ ಪ್ರಖರವಾದ ಲುಬ್ಧಕ. ಕೃತ್ತಿಕೆಯನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡು, ಇನ್ನೊಂದೆರಡು ಚುಕ್ಕೆ ಹೆಚ್ಚಾಗಿ ಕಾಣುತ್ತವೆ. ಮಂದ ಬೆಳಕನ್ನು ಹಿಡಿಯುವ ಶಕ್ತಿ ಕಣ್ಣಿನ ನಟ್ಟನಡುವಿಗಿಂತ ಅದರ ಸುತ್ತಲ ಭಾಗಕ್ಕೆ ಹೆಚ್ಚು.

ಅಳತೆಗೆ ನಿನ್ನ ಕೈಯೇ ಸಾಕು: ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಎಷ್ಟು ಎತ್ತರದಲ್ಲಿ ನೋಡಬೇಕೆಂದು ತಿಳಿಯದೆ ನಾನು ಒಂದು ಚಳಿಗಾಲವಿಡೀ ಧ್ರುವನನ್ನು ನೆತ್ತಿಯ ಕಡೆಗೆ ಹುಡುಕಿ ಸೋತೆ. ಧ್ರುವ ಕಾಣುವ ಎತ್ತರ ಊರಿನ ಅಕ್ಷಾಂಶದಷ್ಟೇ. ನಮ್ಮದು 14 ಡಿಗ್ರಿಯಾದ್ದರಿಂದ ಅದು ಒಂದೂವರೆ ಮುಷ್ಟಿಯಷ್ಟು ಮೇಲಿದೆ, ನಮ್ಮದೇ ಅಡಿಕೆ ಮರಗಳ ತಲೆಯ ಹಿಂದೆ! ಅದು ಅಷ್ಟೇನೂ ಪ್ರಕಾಶಮಾನವೂ ಅಲ್ಲ.

ದಕ್ಷಿಣದಲ್ಲಿ ಮಾತ್ರ ನಾವು ಭಾಗ್ಯವಂತರು. ಮಧ್ಯರಾತ್ರಿಯವರೆಗೆ ಎಚ್ಚರವಿದ್ದರೆ, ದಿಲ್ಲಿಯವರಿಗೆ ಒಂದು ಮುಷ್ಟಿಯೂ ಏರದ ಅಗಸ್ತ್ಯ ನಕ್ಷತ್ರ ನಮ್ಮ ಗುಡ್ಡದ ಮೇಲೆ ಎರಡು ಮುಷ್ಟಿ ಎತ್ತರದಲ್ಲಿರುತ್ತದೆ. ಆ ಹೊತ್ತಿಗೆ ಇಬ್ಬನಿ ಬಿದ್ದು ಹುಲ್ಲೆಲ್ಲ ತೊಯ್ದಿರುತ್ತದೆ. ಚಾಪೆ ನಾನು ತರುತ್ತೇನೆ, ನಿನ್ನ ಕಂಬಳಿ ನೀನೇ ತಾ.

ನಿನ್ನ ಗೆಳೆಯ